ಜಾಗಕ್ಕೆ ಕೊಟ್ಟ ಮಾತು

ಊರಿನವರ ಬಾಯಲ್ಲಿ ಎರಡೂ ಮಠಗಳೇ. ಗುಡ್ಡದ ನೆತ್ತಿಯಲ್ಲಿರುವುದು ಮೇಲಿನ ಮಠ, ಪೇಟೆಯಲ್ಲಿ ಆಸ್ಪತ್ರೆಗೆ ಅಂಟಿಕೊಂಡಿರುವುದು ಕೆಳಗಿನ ಮಠ. ಎರಡರಲ್ಲೂ ಇರುವವರು ಮನೆ, ಮದುವೆ, ಮಕ್ಕಳ ಗೊಡವೆ ಬಿಟ್ಟುಬಂದ ಹೆಂಗಸರು. ಎರಡರಲ್ಲೂ ಬೆಳಗು ಬೈಗು ಪ್ರಾರ್ಥನೆ, ಎರಡರಲ್ಲೂ ಅದೇ ಬೂದು ಬಣ್ಣದ ಬಟ್ಟೆ. ಹಾಗಾದರೆ ವ್ಯತ್ಯಾಸ ಏನು ಎಂದು ಯಾರಾದರೂ ಕೇಳಿದರೆ, "ಮೇಲಿನವರು ಕಣ್ಣಿಗೆ ಬೀಳಲ್ಲ, ಕೆಳಗಿನವರು ಬೀಳ್ತಾರೆ" ಎನ್ನುವುದಕ್ಕಿಂತ ಹೆಚ್ಚು ಹೇಳಬಲ್ಲವರು ಊರಲ್ಲಿ ಕಡಿಮೆ.

ನಗರಸಭೆಯ ಕಟ್ಟಡ ವಿಭಾಗದ ಇಂಜಿನಿಯರಮ್ಮನಿಗೂ ಗೊತ್ತಿದ್ದದ್ದು ಅಷ್ಟೇ. ಅವಳ ಸ್ವಂತ ಚಿಕ್ಕಮ್ಮನೇ ಮೇಲಿನ ಮಠ ಸೇರಿದ್ದರೂ ಅಷ್ಟೇ.

ಚಿಕ್ಕಮ್ಮ ಎಂದರೆ ಅಂತಿಂಥ ಚಿಕ್ಕಮ್ಮನಲ್ಲ. ಅಮ್ಮ ಬಟ್ಟೆ ಗಿರಣಿಯಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದ ಕಾಲದಲ್ಲಿ ಮಗುವಿಗೆ ಉಣಿಸಿ, ಜಡೆ ಹೆಣೆದು, ಸೈಕಲ್ ಹಿಂದೆ ಓಡಿ, ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕಿ ಕೂತವಳು ಅವಳೇ. ಆಳು ಕುಳ್ಳಗೆ, ನಡಿಗೆ ಚುರುಕು. ಅಕ್ಕ ಅವಳನ್ನು ಕರೆಯುತ್ತಿದ್ದದ್ದು 'ಗುಬ್ಬಿ' ಎಂದು. ಹುಡುಗಿ ಓದು ಮುಗಿಸಿ ನೌಕರಿಗೆ ಸೇರಿದ ಮೇಲೆ ಒಂದು ಭಾನುವಾರ ಊಟ ಮಾಡುತ್ತಾ ಗುಬ್ಬಿ ಹೇಳಿದಳು: "ನನ್ನ ಕೆಲಸ ಇಲ್ಲಿಗೆ ಮುಗೀತು ಅಕ್ಕಾ. ಇನ್ನು ನಾನು ಗುಡ್ಡಕ್ಕೆ ಹೋಗ್ತೀನಿ."

ಅಕ್ಕ ನಕ್ಕಳು. ಗುಡ್ಡಕ್ಕೆ ಗಾಳಿ ಸೇವನೆಗೆ ಹೋಗುತ್ತಾಳೆ ಅಂದುಕೊಂಡಿದ್ದಳು, ಪಾಪ.

ಅಲ್ಲಿಂದ ಮುಂದೆ ಅವಳನ್ನು ನೋಡಲು ಸಿಗುತ್ತಿದ್ದದ್ದು ವರ್ಷಕ್ಕೆ ಎರಡು ಸಲ. ಬಾಗಿಲ ಪಕ್ಕದ ಪುಟ್ಟ ಕೋಣೆ, ನಡುವೆ ಮರದ ಜಾಲರಿ, ಆ ಕಡೆ ಚಿಕ್ಕಮ್ಮ, ಈ ಕಡೆ ತಾಯಿ ಮಗಳು. ಜಾಲರಿಯ ಸಂದಿಯಲ್ಲಿ ತೂರುವುದು ಒಂದು ಬೆರಳು ಮಾತ್ರ. ಅಮ್ಮ ಆ ಬೆರಳನ್ನು ತೂರಿಸಿ ಕೂತುಬಿಡುತ್ತಿದ್ದಳು. ವಾಪಸು ಬರುವಾಗ ದಾರಿಯುದ್ದಕ್ಕೂ ಒಂದೇ ಗೊಣಗಾಟ: "ಜೈಲಲ್ಲಿ ಇರೋರನ್ನಾದ್ರೂ ಹೋಗಿ ಮುಟ್ಟಿ ಮಾತಾಡಿಸಬಹುದು ಕಣೇ. ಇದ್ಯಾವ ಕರ್ಮ!"

ಹೀಗೆ ವರ್ಷಗಳು ಕಳೆದ ಮೇಲೊಮ್ಮೆ ಮೇಲಿನ ಮಠದ ಅಡುಗೆಮನೆಯ ಸೂರಿನಿಂದ ಹೆಂಚು ಜಾರಿ ಬಿದ್ದವು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಹಳೆಯ ಕಟ್ಟಡ, ಒಳಗಿರುವವರೆಲ್ಲ ವಯಸ್ಸಾದವರು, ಒಮ್ಮೆ ನೋಡಿ ಬನ್ನಿ ಎಂದು ನಗರಸಭೆಯ ಸಾಹೇಬರು ಇಂಜಿನಿಯರಮ್ಮನನ್ನೇ ಕಳಿಸಿದರು. ಹೆಂಗಸರ ಮಠದೊಳಗೆ ಗಂಡಸು ಇಂಜಿನಿಯರನ್ನು ಯಾಕೆ ಕಳಿಸುವುದು ಎಂಬುದು ಅವರ ಲೆಕ್ಕಾಚಾರ. ಅಲ್ಲಿ ಅವಳ ಚಿಕ್ಕಮ್ಮ ಇರುವುದು ಅವರಿಗೆ ಗೊತ್ತಿರಲಿಲ್ಲ. ಅವಳೂ ಹೇಳಲಿಲ್ಲ.

ಹೀಗೆ ಮೊದಲ ಬಾರಿಗೆ ಅವಳು ಜಾಲರಿಯ ಆ ಬದಿಗೆ ಕಾಲಿಟ್ಟಳು. ಬಾಗಿಲು ಕಾಯುವ ಅಮ್ಮ ಒಂದು ಕೈಗಂಟೆ ಆಡಿಸುತ್ತಾ ಮುಂದೆ ನಡೆದರು. ಹೊರಗಿನವರು ಬಂದಿದ್ದಾರೆ, ಎದುರಿಗೆ ಬರಬೇಡಿ, ಬಂದರೂ ಮಾತಾಡಿಸಬೇಡಿ ಎಂದು ಅದರ ಅರ್ಥವಂತೆ. ಉದ್ದದ ಪಡಸಾಲೆ, ಸುಣ್ಣದ ಗೋಡೆ, ಸವೆದು ಹೊಳೆಯುವ ಕಲ್ಲು ನೆಲ. ಹಿಂದಿನ ತೋಟದಲ್ಲಿ ತರಕಾರಿ ಮಡಿಗಳು, ಅದರಾಚೆ ಇಲ್ಲೇ ಬಾಳಿ ಇಲ್ಲೇ ತೀರಿಕೊಂಡವರ ಸಮಾಧಿಗಳ ಸಾಲು. ಎಲ್ಲವೂ ನೆಲಮಟ್ಟದಲ್ಲೇ ಇದ್ದವು. ಇಡೀ ಮಠದಲ್ಲಿ ಹತ್ತಿ ಇಳಿಯುವ ಒಂದು ಮೆಟ್ಟಿಲೂ ಇರಲಿಲ್ಲ.

ಕೆಲಸದಲ್ಲಿ ಅವಳು ಚೊಕ್ಕ. ಏಣಿ ಹಾಕಿಸಿ ಅಟ್ಟ ಹತ್ತಿದಳು, ಟಾರ್ಚ್ ಬಿಟ್ಟು ನೋಡಿದಳು, ತೊಲೆಗಳ ತುದಿಗೆ ಸ್ಕ್ರೂಡ್ರೈವರ್ ಚುಚ್ಚಿದಳು. ಅಡುಗೆಮನೆಯ ಕಡೆ ತೊಲೆಗಳ ತುದಿ ಗೆದ್ದಲು ತಿಂದು ಬ್ರೆಡ್ಡಿನಂತಾಗಿತ್ತು. ಅಲ್ಲಿ ಆಸರೆ ಕಂಬ ಕೊಟ್ಟು ತೊಲೆ ಬದಲಿಸಬೇಕು. ಆದರೆ ಮಲಗುವ ಕೋಣೆಗಳು, ಪ್ರಾರ್ಥನಾ ಮಂದಿರ, ಪಡಸಾಲೆ? ಸುತ್ತಿಗೆಯಿಂದ ತಟ್ಟಿದರೆ ಅಲ್ಲಿನ ತೊಲೆ ಕಂಚಿನ ಪಾತ್ರೆಯಂತೆ ಠಣ್ಣೆನ್ನುತ್ತಿತ್ತು. ಇನ್ನೊಂದು ತಲೆಮಾರಿಗೆ ಏನೂ ಆಗುವುದಿಲ್ಲ ಎಂದು ಮನಸ್ಸಿನಲ್ಲೇ ಬರೆದುಕೊಂಡು ಕೆಳಗಿಳಿದಳು.

ಪಡಸಾಲೆಯ ತಿರುವಿನಲ್ಲಿ ಚಿಕ್ಕಮ್ಮ ಎದುರಾದಳು. ಕೈಯಲ್ಲಿ ಬಕೆಟ್ಟು. ಗಂಟೆಯ ಸದ್ದು ಕೇಳಿ ಗೋಡೆಗೆ ಒತ್ತಿ ನಿಂತಿದ್ದಳು, ಕಣ್ಣು ನೆಲದ ಮೇಲೆ. ನಡುವೆ ಇದ್ದದ್ದು ಒಂದು ತೋಳಿನಷ್ಟು ದೂರ, ಜಾಲರಿ ಇಲ್ಲ, ಏನೂ ಇಲ್ಲ. ಕೈ ಚಾಚಿದರೆ ಭುಜ ಸಿಗುತ್ತಿತ್ತು. ಇಂಜಿನಿಯರಮ್ಮ ನಡಿಗೆ ನಿಧಾನ ಮಾಡಿದಳು, ಕೆಮ್ಮಿದಳು, ಕೊನೆಗೆ ನಿಂತೇಬಿಟ್ಟಳು. ಚಿಕ್ಕಮ್ಮ ತಲೆ ಎತ್ತಲಿಲ್ಲ.

"ಈ ಕಡೆ ಬನ್ನಿ" ಎಂದರು ಬಾಗಿಲು ಕಾಯುವ ಅಮ್ಮ.

ಆ ಸಂಜೆ ಮನೆಯಲ್ಲಿ ಅಮ್ಮ ಕಾಲು ಚಾಚಿ ಕೂತು ದಾರಿ ಕಾಯುತ್ತಿದ್ದಳು. ಮಂಡಿ ನೋವಿನಿಂದ ಅವಳಿಗೀಗ ಗುಡ್ಡ ಹತ್ತುವುದು ಆಗುತ್ತಿರಲಿಲ್ಲ; ಕಳೆದ ಭೇಟಿಯೂ ತಪ್ಪಿತ್ತು.

"ನೋಡಿದ್ಯಾ? ಹೇಗಿದ್ದಾಳೆ? ಇಳಿದುಹೋಗಿದ್ದಾಳಾ?"

"ಪಕ್ಕದಲ್ಲೇ ಹಾದುಹೋದೆ ಅಮ್ಮಾ. ತಲೆ ಎತ್ತಿ ನೋಡ್ಲಿಲ್ಲ."

ಅಮ್ಮ ಮಂಡಿ ನೀವಿಕೊಳ್ಳುತ್ತಾ ಅಂದಳು: "ಆ ಮನೆ ಬಿದ್ದಾದ್ರೂ ಹೋಗಬಾರದಾ. ಕೆಳಗಿನ ಮಠಕ್ಕಾದ್ರೂ ಬರ್ತಿದ್ಲು. ಅಲ್ಲಿ ಯಾವಾಗ ಬೇಕಾದ್ರೂ ಹೋಗಬಹುದಂತೆ. ಅಲ್ಲಿರೋರೂ ಅದೇ ದೇವರನ್ನೇ ಅಲ್ವಾ ಬೇಡ್ಕೊಳ್ಳೋದು?"

ಮರುದಿನ ಕಚೇರಿಯಲ್ಲಿ ಕೂತು ಇಂಜಿನಿಯರಮ್ಮ ವರದಿ ಬರೆದಳು. ಅಡುಗೆಮನೆಯ ತೊಲೆಗಳ ಬಗ್ಗೆ ಬರೆದದ್ದೆಲ್ಲ ನಿಜ. ಕೊನೆಯಲ್ಲಿ 'ಉಳಿದ ಭಾಗ ಸುಭದ್ರ' ಎಂದು ಬರೆಯಬೇಕಾದಲ್ಲಿ ಅವಳ ಕೈ ನಿಂತಿತು. ಮುದುಕಿಯರು, ಯಾರ ತಲೆ ಮೇಲಾದರೂ ಬಿದ್ದರೆ? ಎಚ್ಚರಿಕೆ ತಪ್ಪಾ? ಹೀಗೆ ತನಗೆ ತಾನೇ ಹತ್ತು ಸಮಾಧಾನ ಹೇಳಿಕೊಂಡು, 'ಇಡೀ ಕಟ್ಟಡ ವಾಸಕ್ಕೆ ಯೋಗ್ಯವಲ್ಲ, ಕೂಡಲೇ ತೆರವು ಮಾಡತಕ್ಕದ್ದು' ಎಂದು ಬರೆದಳು. ಸಾಹೇಬರು ಓದುವ ಗೋಜಿಗೇ ಹೋಗಲಿಲ್ಲ. "ನೀವು ನೋಡಿದ್ದೀರಲ್ಲ, ಮುಗೀತು ಬಿಡಿ" ಎಂದು ಸಹಿ ಗೀಚಿದರು.

ತೆರವಿನ ಆದೇಶ ತಲುಪಿಸಲು ಅವಳೇ ಮತ್ತೆ ಗುಡ್ಡ ಹತ್ತಿದಳು. ಮೇಲಿನ ಮಠದ ಯಜಮಾನಿಕೆ ಹಿರಿಯಮ್ಮನದು. ಎಂಬತ್ತು ದಾಟಿದ ಜೀವ, ದೃಷ್ಟಿ ಮಂದ, ಆದರೆ ಆ ಪಡಸಾಲೆಗಳಲ್ಲಿ ಗೋಡೆ ಮುಟ್ಟದೆ ಸರಾಗವಾಗಿ ನಡೆಯುತ್ತಿದ್ದರು. ಜಾಲರಿಯಾಚೆ ಕೂತು ಎಲ್ಲವನ್ನೂ ಕೇಳಿಸಿಕೊಂಡರು.

"ರಿಪೇರಿ ಮಾಡಿಸಿಕೊಂಡು ಇರೋಕೆ ಆಗಲ್ವೇನಮ್ಮಾ? ನಾವು ಒಂದು ಮೂಲೆಯಲ್ಲಿ ಇರ್ತೀವಿ. ಅಡುಗೆ ಹೊರಗೆ ಮಾಡ್ಕೊಳ್ತೀವಿ."

"ಆಗಲ್ಲ ಅಮ್ಮಾ. ಅಪಾಯ."

"ಬೇರೆ ದಾರಿನೇ ಇಲ್ವಾ?"

"ಇಲ್ಲ" ಎಂದಳು ಇಂಜಿನಿಯರಮ್ಮ. ಬರೆದದ್ದು ಒಂದು, ಹೀಗೆ ಮುಖಕ್ಕೆ ಮುಖ ಕೊಟ್ಟು ಹೇಳಿದ್ದು ಇನ್ನೊಂದು.

ಹಿರಿಯಮ್ಮ ತಲೆಯಾಡಿಸಿದರು. "ನೀವು ಕಲಿತವರು. ಹೇಳಿದ ಮೇಲೆ ಕೇಳಬೇಕು."

ವಾರ ಕಳೆಯುವುದರೊಳಗೆ ಒಂದು ಬಾಡಿಗೆ ವ್ಯಾನಿನಲ್ಲಿ ಮೇಲಿನ ಮಠದ ಹೆಂಗಸರು ಕೆಳಗಿನ ಮಠಕ್ಕೆ ಬಂದಿಳಿದರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಬಟ್ಟೆ ಗಂಟು. ಎಷ್ಟೋ ವರ್ಷಗಳ ಮೇಲೆ ರಸ್ತೆ ಕಂಡವರು ಲಾರಿಯ ಹಾರನ್ನಿಗೆ ಬೆಚ್ಚಿ ಒಬ್ಬರ ಸೆರಗನ್ನೊಬ್ಬರು ಹಿಡಿದುಕೊಂಡರು. ಮಹಡಿಯ ಕೋಣೆಗಳು ಖಾಲಿ ಇದ್ದುದರಿಂದ ಅವರಿಗೆ ಅವನ್ನೇ ಬಿಟ್ಟುಕೊಟ್ಟರು. ಮೇಲಿನ ಮಠದ ಬಾಗಿಲಿಗೆ ನಗರಸಭೆಯ ಬೀಗ, ಮೊಹರು ಬಿತ್ತು.

ಅಮ್ಮನಿಗಂತೂ ಹಬ್ಬ. ಮೊದಲ ದಿನ ತಂಗಿಯನ್ನು ತಬ್ಬಿಕೊಂಡವಳು ಬಿಡಲೇ ಇಲ್ಲ. "ಗುಬ್ಬೀ, ಮೂಳೆ ಮೂಳೆ ಸಿಗ್ತಿದೆಯಲ್ಲೇ! ಏನು ಗಾಳಿ ತಿಂದು ಬದುಕಿದ್ಯಾ?" ಎಂದು ಅಳುತ್ತಲೇ ನಕ್ಕಳು. ಚಿಕ್ಕಮ್ಮ ಅಕ್ಕನ ಮಂಡಿ ಮುಟ್ಟಿ ನೋಡಿದಳು, ಊದಿಕೊಂಡದ್ದು ಕಂಡು ನೆಲದ ಮೇಲೆ ಕೂತು ಕಾಲು ಒತ್ತತೊಡಗಿದಳು. ಅವರಿಬ್ಬರನ್ನು ನೋಡುತ್ತಾ ಇಂಜಿನಿಯರಮ್ಮ, ನಾನು ಮಾಡಿದ್ದು ಸರಿಯೇ ಆಯಿತು ಅಂದುಕೊಂಡಳು.

ಆ ನೆಮ್ಮದಿ ಬಹಳ ದಿನ ಬಾಳಲಿಲ್ಲ.

ಕೆಳಗಿನ ಮಠ ಎಂದರೆ ಹೊತ್ತು ಗೊತ್ತಿಲ್ಲದ ಮನೆ. ಅಲ್ಲಿದ್ದವರು ಆಸ್ಪತ್ರೆಯಲ್ಲಿ ದಾದಿಯರು, ಶಾಲೆಯಲ್ಲಿ ಟೀಚರು, ಕೊಳಗೇರಿಯಲ್ಲಿ ಔಷಧಿ ಹಂಚುವವರು. ಒಬ್ಬಳು ಪಾಳಿ ಮುಗಿಸಿ ಬಂದು ಮಲಗುವಾಗ ಇನ್ನೊಬ್ಬಳು ಎದ್ದು ಓಡುತ್ತಿದ್ದಳು. ಊಟದ ಮೇಜಿನ ಮೇಲೆ ಫೋನ್ ರಿಂಗಾಗುತ್ತಿತ್ತು, ರೇಡಿಯೋದಲ್ಲಿ ವಾರ್ತೆ ಬರುತ್ತಿತ್ತು, ಒಲೆಯ ಮುಂದೆ ನಿಂತೇ ತಿಂದು ಹೋಗುವವರೂ ಇದ್ದರು. ಮೇಲಿನವರು ಮೇಜಿನ ಒಂದು ತುದಿಯಲ್ಲಿ ತಲೆ ತಗ್ಗಿಸಿ ಕೂತು ಮೌನವಾಗಿ ಊಟ ಮಾಡುತ್ತಿದ್ದರೆ, ಬಸ್ಸಿಗೆ ಕಾಯುತ್ತಿರುವ ಪರಸ್ಥಳದವರಂತೆ ಕಾಣುತ್ತಿದ್ದರು. ಮುಂಜಾನೆ ಪ್ರಾರ್ಥನೆಗೆ ಗಂಟೆ ಹೊಡೆಯುವುದು ಅವರ ಪದ್ಧತಿ. ಆಗಷ್ಟೇ ಮಲಗಿದ ದಾದಿಯರ ನಿದ್ದೆ ಕೆಡುತ್ತದೆಂದು ತಾವಾಗಿಯೇ ಗಂಟೆಗೆ ಬಟ್ಟೆ ಸುತ್ತಿಟ್ಟರು. ಆಮೇಲೆ ಯಾವ ಹೊತ್ತಿಗೆ ಏಳುವುದೋ ಅವರಿಗೇ ತಿಳಿಯದಾಯಿತು.

ಕೆಳಗಿನ ಮಠದ ಮುಖ್ಯಸ್ಥೆ ಆಸ್ಪತ್ರೆಯ ಹಿರಿಯ ನರ್ಸು. ನರ್ಸಮ್ಮ ಎಂದೇ ಎಲ್ಲರೂ ಕರೆಯುವುದು. ದಪ್ಪ ಧ್ವನಿ, ದೊಡ್ಡ ನಗೆ. ಒಂದು ದಿನ ಇಂಜಿನಿಯರಮ್ಮ, "ಎರಡೂ ಮಠಗಳೇ ಅಲ್ವಾ, ಒಂದು ತಿಂಗಳಲ್ಲಿ ಹೊಂದಿಕೊಳ್ತಾರೆ ಬಿಡಿ" ಎಂದಾಗ ನರ್ಸಮ್ಮ ನಗಲಿಲ್ಲ.

"ಮಠ ಅನ್ನೋ ಹೆಸರೊಂದೇ ಇಬ್ಬರಿಗೂ" ಎಂದರು. "ನಮಗೆ ಈ ಮನೆ ಅಂದ್ರೆ ಬೆನ್ನು ಚಾಚೋ ಜಾಗ. ನಾಳೆ ಇನ್ನೊಂದೂರಿಗೆ ಹೋಗು ಅಂದ್ರೆ ಪೆಟ್ಟಿಗೆ ಎತ್ಕೊಂಡು ಹೊರಡ್ತೀವಿ. ಮಾತು ಕೊಡುವಾಗ ನಾವು ಕೆಲಸಕ್ಕೆ ಮಾತು ಕೊಟ್ಟಿರ್ತೀವಿ, ಕಾಯಿಲೆ ಇದ್ದಲ್ಲಿಗೆ ಹೋಗ್ತೀವಿ ಅಂತ. ಅವರು ಮಾತು ಕೊಡೋದು ಜಾಗಕ್ಕೆ. ಇದೇ ಮನೆ, ಇದೇ ಜೊತೆಯವರು, ಸಾಯೋವರೆಗೂ ಇಲ್ಲೇ, ಸತ್ತ ಮೇಲೂ ಇಲ್ಲೇ. ಅಲ್ಲಿ ಆ ಹೊಸಿಲು ದಾಟಿಸೋದೂ ಒಂದೇ, ನನ್ನ ಕೈಯಿಂದ ರೋಗಿಗಳನ್ನ ಕಿತ್ಕೊಳ್ಳೋದೂ ಒಂದೇ."

"ನನಗೆ ಗೊತ್ತಿರಲಿಲ್ಲ" ಎಂದಳು ಇಂಜಿನಿಯರಮ್ಮ.

"ಯಾರಿಗೆ ಗೊತ್ತಿರುತ್ತೆ ಹೇಳಿ. ನೀವೇನು ಮಾಡ್ತೀರಾ, ಕಟ್ಟಡ ಬೀಳ್ತಿತ್ತು. ನಿಮ್ಮ ಕೆಲಸ ನೀವು ಮಾಡಿದ್ರಿ."

ಆ ಕೊನೆಯ ಮಾತು ಅವಳ ಎದೆಗೆ ಈಟಿಯಿಂದ ತಿವಿದಂತಾಯಿತು. ಬೈದಿದ್ದರೆ ಎಷ್ಟೋ ವಾಸಿ ಅನ್ನಿಸಿತು.

ಹಿರಿಯಮ್ಮನ ಸ್ಥಿತಿ ಎಲ್ಲರಿಗಿಂತ ಕಷ್ಟದ್ದು. ಮೇಲಿನ ಮಠದಲ್ಲಿ ಕಾಲಿಗೇ ದಾರಿ ಗೊತ್ತಿತ್ತು; ಇಲ್ಲಿ ಕೋಣೆಯಿಂದ ಬಚ್ಚಲಿಗೆ ಹೋಗಲೂ ಗೋಡೆ ತಡಕಬೇಕು. ಯಾರನ್ನೂ ಕೂಗಿ ಕರೆಯುವ ಅಭ್ಯಾಸವಿಲ್ಲ. ಒಂದು ಮಧ್ಯಾಹ್ನ ಪ್ರಾರ್ಥನೆಯ ಹೊತ್ತಾಯಿತೆಂದುಕೊಂಡು ಒಬ್ಬರೇ ಹೊರಟವರು ಮೆಟ್ಟಿಲಿನ ತಲೆಗೆ ಬಂದರು. ಅಲ್ಲಿ ಮೆಟ್ಟಿಲು ಇದೆಯೆಂಬುದೇ ಅವರ ಕಾಲಿಗೆ ನೆನಪಿರಲಿಲ್ಲ.

ಸುದ್ದಿ ತಿಳಿದು ಇಂಜಿನಿಯರಮ್ಮ ಓಡಿಬಂದಾಗ ಹಿರಿಯಮ್ಮನನ್ನು ಆಗಲೇ ಪಕ್ಕದ ಆಸ್ಪತ್ರೆಗೆ ಸೇರಿಸಿದ್ದರು. ಸೊಂಟದ ಮೂಳೆ ಮುರಿದಿತ್ತು. ಅವಳು ಖಾಲಿ ಮೆಟ್ಟಿಲ ಬುಡದಲ್ಲಿ ನಿಂತು ಮೇಲೆ ನೋಡಿದಳು. ಕಡಿದಾದ ಮೆಟ್ಟಿಲು. ಒಂದು ಕಡೆ ಬರಿ ಗೋಡೆ, ಇನ್ನೊಂದು ಕಡೆ ಮೊಣಕಾಲೆತ್ತರದ ಕಟ್ಟೆ. ಹಿಡಿದುಕೊಳ್ಳಲು ಏನೂ ಇರಲಿಲ್ಲ. ಅವರು ಬಿಟ್ಟುಬಂದ ಮನೆಯ ಒಂದೊಂದು ತೊಲೆಯನ್ನೂ ತಟ್ಟಿ ನೋಡಿದ್ದ ಇಂಜಿನಿಯರಮ್ಮ, ಅವರನ್ನು ತಂದು ತುಂಬಿದ ಮನೆಯನ್ನು ಒಮ್ಮೆ ಕಣ್ಣೆತ್ತಿಯೂ ನೋಡಿರಲಿಲ್ಲ.

ಆ ದಿನದಿಂದ ಅವಳು ಊಟದ ನಡುವೆಯೇ ಏಳತೊಡಗಿದಳು. ಅಮ್ಮ ಲವಲವಿಕೆಯಿಂದ, "ನಾಳೆ ಗುಬ್ಬಿಗೆ ಏನಾದ್ರೂ ಮಾಡ್ಕೊಂಡು ಹೋಗೋಣ" ಎಂದಾಗೆಲ್ಲ ಎದ್ದು ಕೈ ತೊಳೆಯುವ ನೆಪದಲ್ಲಿ ಒಳಗೆ ಹೋಗುತ್ತಿದ್ದಳು. ನಲ್ಲಿ ತಿರುಗಿಸಿ ಸುಮ್ಮನೆ ನಿಂತಿರುತ್ತಿದ್ದಳು. ಹೇಳಿಬಿಡಬೇಕು. ಯಾರಿಗೆ? ಸಾಹೇಬರಿಗೆ ಹೇಳಿದರೆ ಕೆಲಸ ಹೋಗುತ್ತದೆ. ಅಮ್ಮನಿಗೆ ಹೇಳಿದರೆ ಅವಳ ಮುಖದ ಮೇಲಿನ ಬೆಳಕು ಹೋಗುತ್ತದೆ. ಚಿಕ್ಕಮ್ಮನಿಗೆ ಹೇಳಿದರೆ? ಅದನ್ನು ಯೋಚಿಸುವ ಧೈರ್ಯವೇ ಆಗುತ್ತಿರಲಿಲ್ಲ. ಹಿರಿಯಮ್ಮ ಚೇತರಿಸಿಕೊಳ್ಳಲಿ, ಆಮೇಲೆ ನೋಡೋಣ ಎಂದು ದಿನ ದೂಡಿದಳು.

ಒಮ್ಮೆ ಆಸ್ಪತ್ರೆಗೆ ಹೋಗಿ ಮಂಚದ ಪಕ್ಕ ಕೂತಳು. ಹಿರಿಯಮ್ಮ ಯಾರೆಂದು ಕೇಳಿದರು. ಹೇಳಿದಳು.

"ಓ, ನೀನಾ. ನಮ್ಮ ಮಂದಿರದ ಗೋಡೆ ಇನ್ನೂ ನಿಂತಿದೆಯಾ ಮಗಳೇ, ಬಿತ್ತಾ?"

"ನಿಂತಿದೆ ಅಮ್ಮಾ."

"ಪರವಾಗಿಲ್ಲ. ನಿಂತಿರಲಿ" ಎಂದು ಕಣ್ಣು ಮುಚ್ಚಿಕೊಂಡರು. ಪಕ್ಕದ ಮಂಚದಾಕೆಯ ಮೊಮ್ಮಕ್ಕಳು ಗಲಾಟೆ ಮಾಡುತ್ತಿದ್ದರು. ಇಡೀ ಆಯುಷ್ಯವನ್ನು ಮೌನದಲ್ಲಿ ಕಳೆದ ಜೀವ ಆ ಗದ್ದಲದ ನಡುವೆ ಮಲಗಿತ್ತು. ಇಂಜಿನಿಯರಮ್ಮನ ನಾಲಿಗೆಯ ತುದಿಗೆ ಬಂದ ಮಾತು ಅಲ್ಲೇ ಉಳಿಯಿತು. ಹಿರಿಯಮ್ಮ ಚೇತರಿಸಿಕೊಳ್ಳಲಿಲ್ಲ. ಆ ವಾರದ ಕೊನೆಗೆ ತೀರಿಕೊಂಡರು.

ತೀರಿಕೊಂಡ ದಿನ ಬೆಳಿಗ್ಗೆಯೇ ನರ್ಸಮ್ಮ ಚಿಕ್ಕಮ್ಮನನ್ನು ಕರೆದುಕೊಂಡು ನಗರಸಭೆಗೆ ಬಂದರು. ಸಾಹೇಬರ ಮೇಜಿನ ಮುಂದೆ ಇಬ್ಬರೂ ನಿಂತರು. ಹಿರಿಯಮ್ಮನನ್ನು ಮೇಲಿನ ಮಠದ ತೋಟದಲ್ಲಿ, ಅವರ ಜೊತೆಯವರ ಪಕ್ಕದಲ್ಲೇ ಮಣ್ಣು ಮಾಡಬೇಕು, ಒಂದು ದಿನದ ಮಟ್ಟಿಗೆ ಬೀಗ ತೆಗೆಸಿಕೊಡಿ ಎಂಬುದು ಬೇಡಿಕೆ.

ಸಾಹೇಬರು ಕೆಟ್ಟವರೇನಲ್ಲ, ಹೆದರಿಕೆಯ ಮನುಷ್ಯ. "ಹೇಗೆ ತೆಗೆಸಲಿ ಅಮ್ಮಾ? ತೋಟಕ್ಕೆ ಹೋಗೋಕೆ ಮಠದೊಳಗಿಂದಲೇ ದಾರಿ. ಅಷ್ಟು ಜನ ಒಳಗಿದ್ದಾಗ ಸೂರು ಕುಸಿದ್ರೆ ನನ್ನ ತಲೆ ಹೋಗುತ್ತೆ. ಊರ ಸ್ಮಶಾನದಲ್ಲಿ ಜಾಗ ಮಾಡಿಸಿಕೊಡ್ತೀನಿ" ಎಂದು, ಮೂಲೆಯ ಮೇಜಿನತ್ತ ತಿರುಗಿದರು. "ಅಲ್ವೇನ್ರೀ? ನೀವೇ ಅಲ್ವಾ ನೋಡಿದ್ದು? ಹೇಳಿ ಇವರಿಗೆ."

ಇಂಜಿನಿಯರಮ್ಮ ಎದ್ದು ನಿಂತಳು. ಚಿಕ್ಕಮ್ಮ ಈಗ ತಲೆ ಎತ್ತಿ ಅವಳನ್ನೇ ನೋಡುತ್ತಿದ್ದಳು. ಅತ್ತು ಊದಿದ ಕಣ್ಣು, ಅದರಲ್ಲಿ ಒಂದಿಷ್ಟು ಭರವಸೆ. ನಮ್ಮ ಹುಡುಗಿ ಇದ್ದಾಳೆ, ಏನಾದರೂ ದಾರಿ ಮಾಡುತ್ತಾಳೆ ಎಂಬ ಭರವಸೆ.

"ಸರ್, ಆ ಸೂರು ಬೀಳಲ್ಲ" ಎಂದಳು.

"ಏನಂದ್ರಿ?"

"ಅಡುಗೆಮನೆ ಕಡೆ ಮಾತ್ರ ತೊಲೆ ಹಾಳಾಗಿದೆ. ಉಳಿದದ್ದೆಲ್ಲ ಗಟ್ಟಿಯಾಗಿದೆ. ಅವತ್ತೂ ಗಟ್ಟಿಯಾಗಿತ್ತು. ನನಗೆ ಗೊತ್ತಿತ್ತು."

ಸಾಹೇಬರ ಕನ್ನಡಕ ಮೂಗಿನ ತುದಿಗೆ ಜಾರಿತು. "ಏನ್ರೀ ಇದು, ಮೊನ್ನೆ ತನಕ ಬೀಳ್ತಿದ್ದ ಮನೆ ಇವತ್ತು ತಾನಾಗೇ ಎದ್ದು ನಿಂತ್ಕೊಂಡ್ತಾ? ನಾನು ಸಹಿ ಹಾಕಿದ್ದೀನಿ ರೀ!"

"ನಾನು ಸುಳ್ಳು ಬರೆದೆ ಸರ್."

"ಯಾಕೆ?"

ಅವಳ ಕಣ್ಣು ಚಿಕ್ಕಮ್ಮನತ್ತ ಹೊರಳಿತು. ಕಾರಣ ಎದುರಿಗೇ ನಿಂತಿತ್ತು. ಚಿಕ್ಕಮ್ಮನ ಮುಖ ನೋಡನೋಡುತ್ತಿದ್ದಂತೆ ಬಿಳುಚಿತು. ತಿರುಗಿ ಬಾಗಿಲು ದಾಟಿ ಹೊರಟುಹೋದಳು. ನರ್ಸಮ್ಮ ಇಂಜಿನಿಯರಮ್ಮನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, "ಮೊದಲು ಬೀಗ ತೆಗೆಸಿಕೊಡಿ. ಉಳಿದದ್ದು ಆಮೇಲೆ" ಎಂದಷ್ಟೇ ಹೇಳಿ ಹಿಂದೆಯೇ ನಡೆದರು.

ಮಧ್ಯಾಹ್ನದೊಳಗೆ ಸಾಹೇಬರೇ ಇನ್ನೊಬ್ಬ ಇಂಜಿನಿಯರನ್ನು ಎಳೆದುಕೊಂಡು ಹೋಗಿ ನೋಡಿಸಿದರು. ಅವನೂ ಅದನ್ನೇ ಹೇಳಿದ. ಸಂಜೆ ಬಿಸಿಲು ಇಳಿಯುವ ಮೊದಲು ಹಿರಿಯಮ್ಮನನ್ನು ಅವರ ಜಾಗಕ್ಕೆ ತಲುಪಿಸಿದರು. ಇಂಜಿನಿಯರಮ್ಮ ಗುಡ್ಡದ ಬುಡದವರೆಗೆ ಹೋಗಿ ನಿಂತಳು, ಹತ್ತಲಿಲ್ಲ. ಮೇಲಿನಿಂದ ಗಂಟೆಯ ಸದ್ದು ಕೇಳಿಸಿತು. ಗಂಟೆಗೆ ಸುತ್ತಿದ್ದ ಬಟ್ಟೆ ಬಿಚ್ಚಿದ್ದರು.

ಅಮ್ಮನಿಗೆ ಅವತ್ತೇ ಹೇಳಿದಳು. ಅಮ್ಮ ಬೈಯುತ್ತಾಳೆ, ಅಳುತ್ತಾಳೆ ಅಂದುಕೊಂಡಿದ್ದಳು. ಅಮ್ಮ ಗೋಡೆ ನೋಡುತ್ತಾ, "ಬೀಳ್ಲಿ ಅಂದೋಳು ನಾನೇ ಅಲ್ವಾ" ಎಂದಳು.

"ನೀನು ಬಾಯಿ ಮಾತಿಗೆ ಅಂದೆ."

"ನಾನು ಬಾಯಿ ಮಾತಿಗೆ ಅನ್ಲಿಲ್ಲ ಕಣೇ. ಮನಸಾರೆ ಅಂದೆ."

ತಾಯಿ ಮಗಳು ಇಬ್ಬರೂ ಆ ರಾತ್ರಿಯ ಊಟ ಮಾಡಲಿಲ್ಲ.

ಚಿಕ್ಕಮ್ಮನನ್ನು ಕಾಣಲು ಧೈರ್ಯ ಮಾಡಿದ್ದು ಕೆಲವು ದಿನ ಬಿಟ್ಟು. ಕೆಳಗಿನ ಮಠದ ಅಡುಗೆಮನೆಯಲ್ಲಿ ಚಿಕ್ಕಮ್ಮ ಪಾತ್ರೆ ಉಜ್ಜುತ್ತಿದ್ದಳು. ಬಂದದ್ದು ಗೊತ್ತಾದರೂ ಕೈ ನಿಲ್ಲಿಸಲಿಲ್ಲ.

"ಚಿಕ್ಕಮ್ಮಾ, ನೀನು ತಲೆ ಎತ್ತಿ ನೋಡ್ಲಿಲ್ಲ ಅವತ್ತು. ಅಷ್ಟು ಹತ್ತಿರ ಇದ್ದೆ. ನನಗೆ ತಡೆಯೋಕೆ ಆಗ್ಲಿಲ್ಲ."

"ನೋಡ್ಲಿಲ್ಲ. ಹೌದು." ಚಿಕ್ಕಮ್ಮ ಪಾತ್ರೆಯನ್ನು ಜೋರಾಗಿ ಉಜ್ಜಿದಳು. "ನೋಡಿದ್ರೆ ಬಕೆಟ್ಟು ಬಿಸಾಕಿ ನಿನ್ನ ಹಿಂದೇನೇ ಬಂದುಬಿಡ್ತಿದ್ದೆ. ಅದಕ್ಕೆ ನೋಡ್ಲಿಲ್ಲ. ಅದೆಷ್ಟು ಕಷ್ಟದ್ದು ಅಂತ ನಿನಗೆ ಗೊತ್ತಾ? ಒಳಗೆ ಬಂದ ಮೇಲೆ ಯಾರನ್ನೂ ಪ್ರೀತಿ ಮಾಡಲ್ಲ ಅಂದ್ಕೊಂಡ್ಯಾ?"

"ತಪ್ಪಾಯ್ತು."

"ನನ್ನ ಕೇಳಬಹುದಾಗಿತ್ತು. ಒಂದು ಮಾತು. 'ಚಿಕ್ಕಮ್ಮಾ, ಹೊರಗೆ ಬರ್ತೀಯಾ' ಅಂತ. ನಾನೇ ಇಲ್ಲ ಅಂತಿದ್ದೆ. ಆ 'ಇಲ್ಲ' ಹೇಳೋ ಹಕ್ಕು ನಂದು. ಅದನ್ನೂ ನೀನೇ ತಗೊಂಡೆ."

ಚಿಕ್ಕಮ್ಮ ಕೈ ತೊಳೆದು, ಒರೆಸಿಕೊಂಡು, ಮಣೆಯ ಮೇಲೆ ಕುಸಿದು ಕೂತಳು.

"ಇನ್ನೊಂದು ಹೇಳ್ತೀನಿ ಕೇಳು. ಅಕ್ಕನ ಕಾಲು ಒತ್ತೋವಾಗ ನನಗೆ ಖುಷಿ ಆಗ್ತಿತ್ತು. ನಾಳೆ ಯಾವಾಗ ಬರ್ತಾಳೋ ಅಂತ ಕಾಯ್ತಿದ್ದೆ. ಮಹಡಿಯಲ್ಲಿ ಹಿರಿಯಮ್ಮ ಗೋಡೆ ತಡಕ್ಕೊಂಡು ಓಡಾಡ್ತಿದ್ರೆ, ನಾನು ಇಲ್ಲಿ ಅಕ್ಕನ ಹತ್ರ ಹಳೇ ಕಥೆ ಹೇಳ್ಕೊಂಡು ನಗ್ತಿದ್ದೆ. ಅವರು ಬಿದ್ದಾಗಲೂ ನಾನು ಕೆಳಗೆ ನಿಮ್ಮಮ್ಮನ ಜೊತೆ ಕೂತಿದ್ದೆ. ಅವರ ಕೈ ಹಿಡಿದು ನಡೆಸೋ ಪಾಳಿ ಅವತ್ತು ನಂದು." ಮತ್ತೆ ಪಾತ್ರೆಯತ್ತ ತಿರುಗಿ, "ಹೋಗು ಈಗ" ಎಂದಳು. "ಕೋಪ ಇಳೀಲಿ. ಇಳಿದಾಗ ಹೇಳಿ ಕಳಿಸ್ತೀನಿ. ಇಳೀದೇನೂ ಇರಬಹುದು."

ವಿಚಾರಣೆ ನಡೆಯಿತು. ಕೆಲಸ ಪೂರ್ತಿ ಹೋಗಲಿಲ್ಲ. ಕಟ್ಟಡಗಳಿಗೆ ಇವಳು ಕೈ ಹಚ್ಚಬಾರದು ಎಂದು ಬಡ್ತಿ ಕಿತ್ತುಕೊಂಡು ಚರಂಡಿ ವಿಭಾಗಕ್ಕೆ ಹಾಕಿದರು. ಕಚೇರಿಯಲ್ಲಿ ಹಿಂದಿನಿಂದ ನಗುವವರಿದ್ದರು. ಅವಳಿಗೆ ಅದು ತಟ್ಟಲಿಲ್ಲ. ಶಿಕ್ಷೆ ಇಷ್ಟು ಸಣ್ಣದಾಯಿತಲ್ಲ ಎಂಬುದೇ ಅವಳನ್ನು ಚುಚ್ಚುತ್ತಿತ್ತು.

ಮೇಲಿನ ಮಠದ ಅಡುಗೆಮನೆಗೆ ಹೊಸ ತೊಲೆ ಬಿತ್ತು, ಹೆಂಗಸರು ಮರಳಿ ಹೋದರು. ಹೋಗುವ ದಿನ ಅಮ್ಮ ತಂಗಿಯನ್ನು ತಬ್ಬಿ, ಈ ಸಲ ತಾನಾಗಿಯೇ ಕೈ ಬಿಟ್ಟಳು. "ಹೋಗಿ ಬಾ ಗುಬ್ಬೀ" ಎಂದಳು. ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಅವರು ಹೋದ ಮೇಲೆ ಇಂಜಿನಿಯರಮ್ಮ ನರ್ಸಮ್ಮನನ್ನು ಕಂಡು, ಮೆಟ್ಟಿಲಿಗೊಂದು ಹಿಡಿಗಂಬಿ ಹಾಕಿಸಿಕೊಡುತ್ತೇನೆ ಎಂದಳು. ನರ್ಸಮ್ಮ ಸುಮ್ಮನೆ ಬಾಗಿಲು ಬಿಟ್ಟು ಸರಿದು ನಿಂತರು. ಭಾನುವಾರ ಕಮ್ಮಾರನೊಬ್ಬನನ್ನು ಕರೆತಂದು, ಅವನು ಬೆಸುಗೆ ಹಾಕುವಾಗ ಪಕ್ಕದಲ್ಲೇ ನಿಂತು, ಒಂದೊಂದು ಬೋಲ್ಟನ್ನೂ ತಾನೇ ಎಳೆದು ಜಗ್ಗಿ ನೋಡಿದಳು. ಮುಗಿಯುವ ಹೊತ್ತಿಗೆ ಒಬ್ಬ ಎಳೆಯ ದಾದಿ ಪಾಳಿಗೆ ತಡವಾಯಿತೆಂದು ದಡದಡ ಇಳಿದು ಓಡಿಹೋದಳು. ಕಂಬಿಯನ್ನು ಮುಟ್ಟಲಿಲ್ಲ.

ಚಿಕ್ಕಮ್ಮನಿಂದ ಕರೆ ಬರಲಿಲ್ಲ. ವರ್ಷದ ಮೊದಲ ಭೇಟಿಗೆ ಬಾಡಿಗೆ ಕಾರಿನಲ್ಲಿ ಅಮ್ಮನನ್ನು ಗುಡ್ಡಕ್ಕೆ ಕರೆದೊಯ್ದಳು. ಅಮ್ಮ ಒಳಗೆ ಹೋದಳು; ಇವಳು ಹೊರಗಿನ ಕಲ್ಲು ಬೆಂಚಿನ ಮೇಲೆ ಕೂತಳು. ಎರಡನೆಯ ಭೇಟಿಗೂ ಹಾಗೆಯೇ ಕೂತಿದ್ದಾಗ ಬಾಗಿಲು ಕಾಯುವ ಅಮ್ಮ ಬಂದು, "ನೀವೂ ಬರಬೇಕಂತೆ" ಎಂದರು.

ಜಾಲರಿಯ ಆ ಬದಿಯಲ್ಲಿ ಚಿಕ್ಕಮ್ಮ ಇನ್ನಷ್ಟು ಸಣ್ಣಗಾಗಿದ್ದಳು.

"ಕೆಳಗೆ ಮೆಟ್ಟಿಲಿಗೆ ಕಂಬಿ ಹಾಕಿಸಿದ್ಯಂತೆ" ಎಂದಳು. "ಅಕ್ಕ ಹೇಳಿದ್ಲು."

"ಹೂಂ."

"ಗಟ್ಟಿಯಾಗಿದ್ಯಾ?"

"ಗಟ್ಟಿಯಾಗಿದೆ."

"ಹಿರಿಯಮ್ಮ ಇದ್ದಿದ್ರೆ ಅದನ್ನ ಹಿಡೀತಾನೇ ಇರ್ಲಿಲ್ಲ. 'ನಾನೇನು ಮುದುಕಿಯಾ' ಅಂತ ಕೇಳ್ತಿದ್ರು" ಎಂದು ಚಿಕ್ಕಮ್ಮ ಸಣ್ಣಗೆ ನಕ್ಕಳು. ಅಮ್ಮನೂ ಕಣ್ಣೊರೆಸಿಕೊಳ್ಳುತ್ತಾ ನಕ್ಕಳು.

ಇಂಜಿನಿಯರಮ್ಮನಿಗೆ ನಗು ಬರಲಿಲ್ಲ. ತಲೆ ತಗ್ಗಿಸಿ ಕೂತಳು. ಭೇಟಿಯ ಹೊತ್ತು ಮುಗಿಯಿತೆಂದು ಒಳಗೆ ಯಾರೋ ಕರೆದರು. ಚಿಕ್ಕಮ್ಮ ಎದ್ದಳು, ಎರಡು ಹೆಜ್ಜೆ ನಡೆದಳು, ತಿರುಗಿ ನಿಂತು, "ಅಕ್ಕನ ಮಂಡಿಗೆ ಸಂಜೆ ಹೊತ್ತು ಬಿಸಿನೀರಿನ ಶಾಖ ಕೊಡು. ಮರೀಬೇಡ" ಎಂದಳು.

"ಕೊಡ್ತೀನಿ ಚಿಕ್ಕಮ್ಮಾ" ಎಂದಳು ಇವಳು. ಆ ಹೊತ್ತಿಗೆ ಆ ಬದಿಯ ಬಾಗಿಲು ಮುಚ್ಚಿತ್ತು.